ಒದೆಯುವ ಕಾಲಿಗೇ ಉಳುಕು

ನಾನು ಹುಟ್ಟುವಾಗ ತಲೆಯ ಬದಲು ಕಾಲು ಮೊದಲು ಹೊರಗೆ ಬಂತಂತೆ. ಇದರಲ್ಲಿ ನನ್ನ ಸಾಧನೆ ಏನೂ ಇಲ್ಲ. ಕಷ್ಟಪಟ್ಟವಳು ಅವ್ವ, ಬೆವರಿದವಳು ಸೂಲಗಿತ್ತಿ. ಆದರೆ ದಾಸನಕೊಪ್ಪದ ಸುತ್ತಿನ ನಮ್ಮ ಹಳ್ಳಿಗಳಲ್ಲಿ ಹಾಗೆ ಹುಟ್ಟಿದವರ ಕಾಲಿಗೆ ಒಂದು ಮರ್ಯಾದೆ ಉಂಟು. ಯಾರಿಗಾದರೂ ಸೊಂಟ ಹಿಡಿದರೆ, ಬೆನ್ನು ಚಳುಕು ಹೊಡೆದರೆ, ಕಾಲು ಉಳುಕಿದರೆ ನಮ್ಮಂಥವರು ಬಲಗಾಲಿನಿಂದ ಮೂರು ಸಲ ಮೆಲ್ಲಗೆ ಒದೆಯಬೇಕು. ಒದ್ದರೆ ನೋವು ಹೋಗುತ್ತದೆ ಎಂಬುದು ನಂಬಿಕೆ. ನನಗಿನ್ನೂ ನಡೆಯಲು ಬಾರದಿದ್ದಾಗಲೇ ನನ್ನನ್ನು ಎತ್ತಿಕೊಂಡು ಹೋಗಿ ಊರ ಹಿರಿಯರ ಸೊಂಟಕ್ಕೆ ಕಾಲು ತಾಗಿಸುತ್ತಿದ್ದರಂತೆ. ಶಾಲೆಯಲ್ಲಿ ಇದೆಲ್ಲ ಮೂಢನಂಬಿಕೆ ಎಂದು ಎರಡು ದಿನ ಬೈದ ಮಾಸ್ತರು ಮೂರನೆಯ ದಿನ ಬಾಗಿಲು ಹಾಕಿಕೊಂಡು ಬೆನ್ನು ಕೊಟ್ಟು ನಿಂತದ್ದೂ ಉಂಟು. ಹಿರಿಯರನ್ನು ಒದ್ದು ಆಶೀರ್ವಾದ ಪಡೆಯುವ ಭಾಗ್ಯ ಎಷ್ಟು ಜನಕ್ಕಿದೆ ಹೇಳಿ.

ದೊಡ್ಡವಳಾಗಿ ನಾನು ಬಸ್ ಕಂಡಕ್ಟರ್ ಆದೆ. ಮದುವೆಯಾಗಿ ಶಿರಸಿಗೆ ಬಂದೆ. ಬೆಳಿಗ್ಗೆ ದಾಸನಕೊಪ್ಪದ ಕಡೆ ಒಂದು ಟ್ರಿಪ್ಪು, ಮಧ್ಯಾಹ್ನ ಸಿದ್ದಾಪುರ, ಕೆಲವು ವಾರ ಯಲ್ಲಾಪುರ. ಒದೆಯುವ ಕೆಲಸವೂ ಖಾಕಿ ಹಾಕಿಕೊಂಡು ನನ್ನ ಜೊತೆಗೇ ಬಸ್ಸು ಹತ್ತಿತು. ದಾಸನಕೊಪ್ಪದಲ್ಲಿ ಬಸ್ಸು ನಿಂತಾಗ ಯಾರಾದರೂ ಒಬ್ಬರು ಬಾಗಿಲ ಹತ್ತಿರ ಬೆನ್ನು ತಿರುಗಿಸಿಕೊಂಡು ಕಾಯುತ್ತಿದ್ದರು. ಹೆಚ್ಚಾಗಿ ಒಬ್ಬಳು ಮುದುಕಿ. ಹೊಲದ ಕಳೆ ತೆಗೆದು ತೆಗೆದು ಅವಳ ಸೊಂಟ ಬಾಗಿತ್ತು, ಬಾಯಿ ಮಾತ್ರ ನೆಟ್ಟಗಿತ್ತು. "ಒಂದ್ ಒದಿ ಕೊಡವ್ವಾ, ಶಿರಸಿ ಮುಟ್ಟೂತನಕ ಆರಾಮ ಇರ್ತದ" ಎನ್ನುವಳು. ನಾನು ಎಡಗಾಲಲ್ಲಿ ನಿಂತು ಬಲಗಾಲು ಎತ್ತಿ ಮೂರು ಸಲ ತಾಗಿಸುವೆ. ಡ್ರೈವರ್ ಹಾರ್ನ್ ಹೊಡೆಯುವನು. ಬಸ್ಸಿನವರೆಲ್ಲ ನಗುವರು, ಮುದುಕಿಯೂ ನಗುವಳು.

ನನಗೆ ಇದರ ಜೊತೆಗೆ ಇನ್ನೊಂದು ಜಂಬವೂ ಇತ್ತು. ಓಡುವ ಬಸ್ಸಿನಲ್ಲಿ ನಾನು ಮೇಲಿನ ಕಂಬಿ ಹಿಡಿಯುತ್ತಿರಲಿಲ್ಲ. ಸಿದ್ದಾಪುರದ ರಸ್ತೆಯ ತಿರುವುಗಳಲ್ಲಿ ಇಡೀ ಬಸ್ಸು ಒಂದು ಕಡೆಗೆ ವಾಲಿದರೂ ನಾನು ಎರಡು ಕಾಲು ಅಗಲಿಸಿ ನಿಂತು ಟಿಕೆಟ್ ಕೊಡುತ್ತಿದ್ದೆ. ಹೆಂಗಸರಿಗೆ ಉಚಿತ ಪ್ರಯಾಣ ಬಂದ ಮೇಲಂತೂ ಬಸ್ಸು ಎಷ್ಟು ತುಂಬುತ್ತಿತ್ತೆಂದರೆ ಬೀಳಬೇಕೆಂದರೂ ಜಾಗ ಇರುತ್ತಿರಲಿಲ್ಲ. ಆದರೂ ನಾನು ಅದನ್ನು ನನ್ನ ಕಾಲಿನ ತಾಕತ್ತು ಎಂದೇ ಲೆಕ್ಕ ಹಾಕಿದ್ದೆ.

ನಿಜ ಹೇಳಬೇಕೆಂದರೆ ಆ ತಾಕತ್ತು ಎಂದೋ ಮುಗಿದಿತ್ತು. ಬಲಗಾಲಿನ ಕಣಕಾಲಿನ ಗಂಟು ಮೊದಲ ಸಲ ಉಳುಕಿದ್ದು ಕೆಲಸಕ್ಕೆ ಸೇರಿದ ಹೊಸದರಲ್ಲಿ, ಮೆಟ್ಟಿಲಿಂದ ಅವಸರದಲ್ಲಿ ಇಳಿಯುವಾಗ. ಬೇರೆ ಯಾರಿಗಾದರೂ ಹಾಗಾದರೆ ಅಯ್ಯೋ ಎಂದು ಕೂರುತ್ತಾರೆ, ಕಾಲಿಗೆ ಬಟ್ಟೆ ಸುತ್ತಿಕೊಂಡು ನಾಲ್ಕು ಜನರ ಅನುಕಂಪ ಪಡೆಯುತ್ತಾರೆ. ನಾನು ಏನು ಮಾಡಲಿ? ಊರವರ ಉಳುಕು ತೆಗೆಯುವ ಕಾಲೇ ಉಳುಕಿದೆ ಎಂದು ಯಾವ ಬಾಯಲ್ಲಿ ಹೇಳಲಿ? ಮನೆಗೆ ಬಂದು ಎಣ್ಣೆ ಹಚ್ಚಿ ಬಿಗಿಯಾಗಿ ಪಟ್ಟಿ ಕಟ್ಟಿ, ಮೇಲೆ ಕಾಲುಚೀಲ ಹಾಕಿ ಮರುದಿನ ಬಸ್ಸು ಹತ್ತಿದೆ. ಆಮೇಲೆ ವರ್ಷಕ್ಕೊಂದು ಸಲವಾದರೂ ಅದೇ ಗಂಟು ಹೊರಳುತ್ತಿತ್ತು. ಸಪಾಟು ನೆಲದಲ್ಲಿ ಕೂಡ ಕೈಕೊಡತೊಡಗಿತು. ಪ್ರತಿ ಸಲವೂ ಅದೇ ಎಣ್ಣೆ, ಅದೇ ಪಟ್ಟಿ, ಅದೇ ಮುಚ್ಚುಮರೆ. ಗಂಡನಿಗೂ ಹೇಳುತ್ತಿರಲಿಲ್ಲ. ಶಿರಸಿ ಪೇಟೆಯಲ್ಲಿ ಟೇಲರ್ ಆಗಿರುವ ಅವನು ಮಾತಿನಲ್ಲಿ ಬಲು ಜಿಪುಣ. ಕೇಳುವವನೂ ಅಲ್ಲ, ಹೇಳುವವಳೂ ಅಲ್ಲ, ಸಂಸಾರ ಚೆನ್ನಾಗಿಯೇ ಸಾಗಿತ್ತು.

ಕೊನೆಗೆ ಮುಚ್ಚಿಡಲು ಆಗದ ಹಾಗೆ ಉಳುಕಿದ್ದು ಭೈರುಂಬೆಯ ಹತ್ತಿರ. ಯಲ್ಲಾಪುರದ ಟ್ರಿಪ್ಪು. ಇಕ್ಕಟ್ಟಿನ ಜಾಗದಲ್ಲಿ ಎದುರಿಗೆ ಲಾರಿ ಬಂತು. ನಮ್ಮ ಬಸ್ಸು ಹಿಂದೆ ಹೋಗಬೇಕಾಯಿತು. ನಾನು ಇಳಿದು ಸೀಟಿ ಊದುತ್ತಾ, ಚಕ್ರದ ಮೇಲೆ ಕಣ್ಣಿಟ್ಟು ಹಿಂದೆ ಹಿಂದೆ ನಡೆದೆ. ಡಾಂಬರಿನ ಅಂಚು ಮುಗಿದದ್ದು ಚಕ್ರಕ್ಕೆ ಗೊತ್ತಿತ್ತು, ನನಗೆ ಗೊತ್ತಿರಲಿಲ್ಲ. ಬಲಗಾಲು ಒಳಗೆ ಮಡಚಿತು, 'ಟಪ್' ಅಂತ ಸದ್ದು ಕೇಳಿತು, ಸೀಟಿ ಬಾಯಲ್ಲಿ ಇದ್ದಂತೆಯೇ ಕೂಗಿಕೊಂಡೆ. ಆ ಸೀಟಿಯ ಅರ್ಥ ತಿಳಿಯದಿದ್ದರೂ ಡ್ರೈವರ್ ಗಕ್ಕನೆ ಬ್ರೇಕ್ ಹಾಕಿದ. ದೇವರು ದೊಡ್ಡವನು.

ನನ್ನನ್ನು ಎತ್ತಿ ಬಸ್ಸಿನ ಮೆಟ್ಟಿಲ ಮೇಲೆ ಕೂರಿಸಿದರು. ಗಂಟು ಕಣ್ಣೆದುರೇ ಊದುತ್ತಿತ್ತು. ಸಿದ್ದಾಪುರದವನಾದ ಡ್ರೈವರಿಗೆ ನನ್ನ ಹುಟ್ಟಿನ ಕಥೆ ಗೊತ್ತು. "ಈಗ ಎಂತ ಮಾಡೂದು ಮಾರಾಯ್ತಿ? ಒದೆಯೋ ಕಾಲಿಗೇ ಹಿಂಗಾದ್ರೆ ಅದನ್ನ ಒದೆಯೋರು ಯಾರು?" ಎಂದು ಗಂಭೀರವಾಗಿ ಕೇಳಿದ. ಬಸ್ಸಿನೊಳಗೆ ಚರ್ಚೆ ಶುರುವಾಯಿತು. ಅವಳ ಕಾಲಿಂದ ಅವಳೇ ಒದ್ದುಕೊಂಡರೆ ನಡೆಯುತ್ತದೋ ಇಲ್ಲವೋ ಎಂದು ಎರಡು ಪಂಗಡ ಆದವು. ಅಷ್ಟರಲ್ಲಿ ಹಿಂದಿನ ಸೀಟಿನಿಂದ ಇಡಗುಂದಿಯ ಒಬ್ಬರು ಎದ್ದು ಬಂದರು. ಕಾಡಿನ ಕೆಲಸದವರು, ಕಾಲಲ್ಲಿ ದಪ್ಪ ಬೂಟು. "ನಾನೂ ಕಾಲು ಮುಂದಾಗೇ ಹುಟ್ಟಿದ್ದು ಮಾರಾಯ್ರೆ, ಹೆದರಬೇಡಿ" ಎಂದರು. ಬಸ್ಸಿನವರಿಗೆಲ್ಲ ಸಂತೋಷವೋ ಸಂತೋಷ. ನನಗೆ ಬೇಡ ಎನ್ನಲು ಬಾಯಿ ಬರಲಿಲ್ಲ. ಎಷ್ಟು ಜನರನ್ನು ಒದ್ದವಳು ನಾನು! ಅವರು ಭಕ್ತಿಯಿಂದ, ಬೂಟು ಬಿಚ್ಚದೆ, ಮೂರು ಸಲ ಒದ್ದರು. ಮೂರನೆಯದಕ್ಕೆ ನಾನು ಕೂಗಿದ ಕೂಗಿಗೆ ಲಾರಿಯವನೂ ಇಳಿದು ಬಂದ. "ನೋಡಿ, ನೋವು ಹೊರಗೆ ಬಂತು" ಎಂದು ಅವರು ಸಮಾಧಾನದಿಂದ ಹೋಗಿ ಕೂತರು.

ಸಂಜೆ ಗಂಡ ಸ್ಕೂಟರಿನಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋದ. ಎಕ್ಸ್‌ರೇ ತೆಗೆದರು. ಎಲುಬು ಮುರಿದಿಲ್ಲ, ಹೊರಗಡೆಯ ಎಲುಬನ್ನು ಪಾದಕ್ಕೆ ಕಟ್ಟಿ ಹಿಡಿಯುವ ಒಳಗಿನ ಪಟ್ಟಿ, ಲಿಗಮೆಂಟು, ಅರ್ಧ ಹರಿದಿದೆ ಎಂದರು ಡಾಕ್ಟರು. ಕೆಲವು ದಿನ ಐಸು, ಬಿಗಿ ಬ್ಯಾಂಡೇಜು, ಕಾಲು ಎತ್ತರದಲ್ಲಿ ಇಡುವುದು, ಆಮೇಲೆ ಫಿಸಿಯೋಥೆರಪಿ. ಡಿಪೋದ ಸಾಹೇಬರು ಫೋನ್ ಮಾಡಿದರು. ಒಳ್ಳೆಯ ಮನುಷ್ಯ, ಒಳ್ಳೆಯ ಮನಸ್ಸಿನಿಂದಲೇ ಹೇಳಿದರು: ಎರಡು ತಿಂಗಳು ರಜೆ ತಗೊಳ್ಳಿ, ಓಡುವ ಬಸ್ಸಿನಲ್ಲಿ ನಿಲ್ಲಬಹುದು ಅಂತ ಬರೆಸಿಕೊಂಡು ಬಂದರೆ ಸರಿ, ಇಲ್ಲದಿದ್ದರೆ ನಿಲ್ದಾಣದಲ್ಲೇ ಒಂದು ಕುರ್ಚಿ ಕೊಡುತ್ತೇನೆ, ಆರಾಮಾಗಿ ಕೂತು ಮೈಕಿನಲ್ಲಿ ಬಸ್ಸು ಬಂದದ್ದು ಹೋದದ್ದು ಹೇಳುತ್ತಾ ಇರಿ, ಮತ್ತೆ ಮಾರ್ಗಕ್ಕೆ ಇಳಿಯುವುದು ಬೇಡ.

ಆ ಕುರ್ಚಿಯ ಮಾತು ಕೇಳಿದ್ದೇ ತಡ, ಕಾಲು ನೋಯುವಾಗ ಬಾರದ ಅಳು ಬಂತು. ಬೇರೆಯವರಿಗೆ ಅದು ಬಡ್ತಿ ಅನ್ನಿಸಬಹುದು. ನನಗೆ ಬಸ್ಸೇ ಬೇಕು. ಯಾರ ಮಗಳ ಬಾಣಂತನ, ಯಾರ ಎಮ್ಮೆ ಈದಿತು, ಯಾರು ಯಾರ ಜೊತೆ ಮಾತು ಬಿಟ್ಟರು, ಎಲ್ಲ ನನಗೆ ಟಿಕೆಟ್ ಕೊಡುವಷ್ಟರಲ್ಲಿ ತಿಳಿಯುತ್ತಿತ್ತು. ಮೈಕಿನ ಮುಂದೆ ಕೂತವಳಿಗೆ ಬಸ್ಸಿನ ಬೋರ್ಡು ಕಾಣುತ್ತದೆ, ಬಸ್ಸಿನೊಳಗಿನವರು ಕಾಣುವುದಿಲ್ಲ.

ಫಿಸಿಯೋಥೆರಪಿಯ ಹುಡುಗಿ ಯಲ್ಲಾಪುರದ ಕಡೆಯವಳು, ನನ್ನ ಅರ್ಧ ವಯಸ್ಸಿನವಳು, ತೆಳ್ಳಗೆ ಇದ್ದಳು. ಗಂಟನ್ನು ಹಿಡಿದು ಅತ್ತ ಇತ್ತ ಆಡಿಸಿ, "ಮುಂಚೆ ಎಷ್ಟು ಸಲ ಉಳುಕಿತ್ತು?" ಎಂದು ಕೇಳಿದಳು.

"ಇದೇ ಮೊದ್ಲು" ಎಂದೆ.

ಅವಳು ವಾದ ಮಾಡಲಿಲ್ಲ. ನನ್ನ ಹಳೆಯ ಚಪ್ಪಲಿ ಎತ್ತಿ ತಿರುಗಿಸಿ ನೋಡಿದಳು. ಬಲಗಾಲಿನದು ಹೊರ ಅಂಚಿನಲ್ಲಿ ಸವೆದು ಕಾಗದದಷ್ಟು ತೆಳುವಾಗಿತ್ತು. "ಚಪ್ಪಲಿ ಬೇರೇನೋ ಹೇಳ್ತಾ ಇದೆಯಲ್ಲ" ಎಂದಳು. ಮೂರನೆಯ ವಾರ, ಊತ ಇಳಿದ ಮೇಲೆ, ಒಂಟಿ ಕಾಲಲ್ಲಿ ನಿಲ್ಲಿಸಿದಳು. ಎಡಗಾಲಲ್ಲಿ ಕೊಕ್ಕರೆಯ ಹಾಗೆ ನಿಂತೆ. ಬಲಗಾಲಲ್ಲಿ ನಿಲ್ಲಲು ಹೋದರೆ ಗಂಟು ಗಡಗಡ ನಡುಗಿ, ಎರಡು ಎಣಿಸುವಷ್ಟರಲ್ಲಿ ಅವಳ ಮೈಮೇಲೆಯೇ ಬಿದ್ದೆ. ಅವಳ ಹೆಗಲು ಹಿಡಿದುಕೊಂಡೇ ಎಲ್ಲ ಹೇಳಿದೆ. ಕಾಲು ಮುಂದಾಗಿ ಹುಟ್ಟಿದ್ದು, ಒದೆಯುವುದು, ಎಣ್ಣೆ, ಪಟ್ಟಿ, ಕಾಲುಚೀಲ. ಇಷ್ಟು ವರ್ಷ ಹೇಳದ್ದನ್ನು ಹೇಳಿ ಮುಗಿಸಿದಾಗ ಹಗುರ ಅನ್ನಿಸಿತು. ನಗುತ್ತಾಳೆ ಅಂದುಕೊಂಡಿದ್ದೆ, ನಗಲಿಲ್ಲ.

"ಉಳುಕಿದ ಕಾಲನ್ನ ಸರಿ ಮಾಡ್ಕೊಳ್ಳದೇ ಓಡಾಡಿದ್ರೆ ಪಟ್ಟಿ ಸಡಿಲ ಆಗೇ ಉಳೀತದೆ" ಎಂದಳು. "ಪಾದ ಹೆಂಗೆ ಇಟ್ಟಿದೀವಿ ಅಂತ ತಲೆಗೆ ಸುದ್ದಿ ಕಳಿಸೋದು ಆ ಪಟ್ಟಿ, ಸುತ್ತಲಿನ ಸ್ನಾಯು. ನಿಮ್ಮ ಕಾಲು ಸುದ್ದಿ ಕಳಿಸೋದನ್ನೇ ಬಿಟ್ಟಿದೆ. ಅದಕ್ಕೆ ಮತ್ತೆ ಮತ್ತೆ ಹೊರಳೂದು. ಕಲಿಸಿದ್ರೆ ಕಲೀತದೆ, ಆದ್ರೆ ದಿನಾ ಕಲಿಸಬೇಕು."

ಅವಳ ಕೋಣೆಯ ಹೊರಗಿನ ಬೆಂಚಿನಲ್ಲಿ ಕೂತು ಕೂತು ನನಗೆ ಕಣಕಾಲಿನ ಅರ್ಧ ಶಾಸ್ತ್ರ ಬಂತು. ನೋವು ಒಂದೇ ಜಾಗದ್ದು, ಕಾರಣ ಒಬ್ಬೊಬ್ಬರದು ಒಂದೊಂದು. ಅಡಿಕೆ ಮರ ಹತ್ತುವ ಒಬ್ಬನಿಗೆ ಹಿಮ್ಮಡಿಯ ಹಿಂದಿನ ದಪ್ಪ ನರದಂಥದ್ದು ಬಿಗಿದು ಊದಿಕೊಂಡಿತ್ತು. ಬೆಳಿಗ್ಗೆ ಎದ್ದು ಮೊದಲ ನಾಲ್ಕು ಹೆಜ್ಜೆ ಇಡುವಾಗ ಪ್ರಾಣ ಹೋಗುತ್ತದೆ ಎನ್ನುತ್ತಿದ್ದ. ಕಾಲೇಜಿನ ಹುಡುಗಿಯೊಬ್ಬಳಿಗೆ ಪಾದ ಸಪಾಟು, ಗಂಟು ಒಳಗೆ ವಾಲುತ್ತಿತ್ತು. ಇನ್ನೊಬ್ಬರು ತೋಟದ ಯಜಮಾನರು, ಭಾರೀ ಆಳು. ಅವರಿಗೆ ಒಂದು ಬೆಳಿಗ್ಗೆ ಏಳುವಾಗಲೇ ಗಂಟು ಕೆಂಪಗೆ ಊದಿ, ಮೇಲೆ ಹೊದಿಕೆ ತಾಗಿದರೂ ತಡೆಯಲಾಗದಷ್ಟು ನೋವು. "ಎಂಗೆ ಇದು ಉಳುಕು ಹೇಳೇ ಅನಿಸಿತ್ತು, ರಕ್ತದಲ್ಲಿ ಎಂತದೋ ಹೆಚ್ಚಾಯ್ದು ಹೇಳಿ ಗೊತ್ತೇ ಇತ್ತಿಲ್ಲೆ" ಎಂದರು. ಉಳುಕು ಎಂದುಕೊಂಡದ್ದು ಉಳುಕಲ್ಲ, ರಕ್ತದಲ್ಲಿ ಹೆಚ್ಚಾದದ್ದು ಹರಳಾಗಿ ಗಂಟಿನಲ್ಲಿ ಕೂರುವ ವಾತ ಅದು. ಫಿಸಿಯೋಥೆರಪಿಯ ಹುಡುಗಿ ಅವರಿಗೆ ವ್ಯಾಯಾಮ ಕೊಡದೆ ಮೊದಲು ಡಾಕ್ಟರ ಹತ್ತಿರ ರಕ್ತ ಪರೀಕ್ಷೆಗೆ ಅಟ್ಟಿದ್ದಳು. ನಾನು ಬೆಂಚಿನಲ್ಲಿ ಲೆಕ್ಕ ಹಾಕಿದೆ. ಈ ಮೂವರೂ ದಾಸನಕೊಪ್ಪದಲ್ಲಿ ನನ್ನ ಕೈಗೆ, ಅಲ್ಲಲ್ಲ, ಕಾಲಿಗೆ ಸಿಕ್ಕಿದ್ದರೆ ಮೂವರಿಗೂ ಅದೇ ಮೂರು ಒದೆ ಬೀಳುತ್ತಿತ್ತು.

ನನ್ನ ಪಾಠ ಬಾಲವಾಡಿಯಿಂದ ಶುರುವಾಯಿತು. ಕುರ್ಚಿಯ ಮೇಲೆ ಕೂತು ಕಾಲು ಚಾಚಿ ಹೆಬ್ಬೆರಳಿನಿಂದ ಗಾಳಿಯಲ್ಲಿ ಅಕ್ಷರ ಬರೆಯಬೇಕು. ನಮ್ಮ ಅಕ್ಷರಗಳು ದುಂಡಗಿರುವುದರಿಂದ ಗಂಟು ಎಲ್ಲ ದಿಕ್ಕಿಗೂ ತಿರುಗುತ್ತದೆ. ಅಆ ಸುಲಭ, 'ಋ' ಬಂದಾಗ ಕಣ್ಣಲ್ಲಿ ನೀರು. ಆಮೇಲೆ ಟವೆಲನ್ನು ಪಾದಕ್ಕೆ ಸಿಕ್ಕಿಸಿ ಎಳೆಯುವುದು, ರಬ್ಬರ್ ಪಟ್ಟಿ ಹಾಕಿಕೊಂಡು ಪಾದ ಹೊರಗೆ ತಳ್ಳುವುದು, ಗೋಡೆ ಹಿಡಿದು ತುದಿಗಾಲಲ್ಲಿ ಏಳುವುದು. ಹಲ್ಲುಜ್ಜುವಾಗ ಒಂಟಿ ಕಾಲಲ್ಲಿ ನಿಲ್ಲುವುದು. ನೋವು ಸ್ವಲ್ಪ ಬಂದರೆ ಅಡ್ಡಿ ಇಲ್ಲ, ಮರುದಿನಕ್ಕೂ ಉಳಿದರೆ ಕಡಿಮೆ ಮಾಡಬೇಕು.

ಆರನೆಯ ವಾರದ ಹೊತ್ತಿಗೆ ಎಲ್ಲ ಸರಿ ಹೋಗುತ್ತಿತ್ತು. ಆಗ ಪಕ್ಕದ ಮನೆಯವರು ಗ್ಯಾಸ್ ಸಿಲಿಂಡರ್ ಎತ್ತಲು ಹೋಗಿ ಸೊಂಟ ಹಿಡಿಸಿಕೊಂಡು, ಗೋಡೆ ಹಿಡಿದು ನಮ್ಮ ಮನೆಗೆ ಬಂದರು. "ನಿಮ್ಮ ಕಾಲು ಈಗ ಆರಾಮಲ್ಲ? ಒಂಚೂರು ತಾಗ್ಸಿಬಿಡಿ" ಎಂದರು. ಆಗುವುದಿಲ್ಲ ಎನ್ನಲು ನನ್ನ ನಾಲಗೆಗೆ ಅಭ್ಯಾಸವೇ ಇಲ್ಲ. ಎರಡು ತಾಗಿಸಿದೆ. ಮೂರನೆಯದಕ್ಕೆ ಅವರು ತಟ್ಟನೆ ಅಲುಗಿದರು, ನನ್ನ ಪಾದ ಜಾರಿ ನೆಲಕ್ಕೆ ಅಡ್ಡವಾಗಿ ಬಿತ್ತು. ಮತ್ತೆ ಊತ.

ಆ ಹುಡುಗಿ ಸಿಟ್ಟಾದದ್ದು ಅಂದು ಒಂದೇ ದಿನ. ಆಸ್ಪತ್ರೆಯ ಭಾಷೆ ಬಿಟ್ಟು, 'ನಿಮಗೆ' ಎನ್ನುವುದು 'ನಿಂಗಕ್ಕೆ' ಆಗುವ ಮನೆ ಮಾತಿಗೇ ಇಳಿದಳು. "ನಿಂಗಕ್ಕೆ ಹೇಳಿ ಹೇಳಿ ಸಾಕಾತು!" ಆಮೇಲೆ ತಾನೇ ನಾಚಿ ಮೆತ್ತಗಾದಳು. "ನಿಮ್ಮ ಕಾಲು ಮುಟ್ಟಿದ್ರೆ ಅವರಿಗೆ ಹಾಯೆನಿಸಬಹುದು, ಅದನ್ನ ನಾನು ಅಲ್ಲ ಅನ್ನೋದಿಲ್ಲ. ಆದ್ರೆ ನಿಮ್ಮ ನೋವಿಗೆ ದೊಡ್ಡ ಕಾರಣ ರಸ್ತೆಯೂ ಅಲ್ಲ, ಬಸ್ಸೂ ಅಲ್ಲ. ನೀವು ಮುಚ್ಚಿಟ್ಟಿದ್ದು. ಇನ್ನೂ ಮುಚ್ಚಿಡ್ತೀರಿ ಅಂದ್ರೆ ನಾನು ಬರೆದು ಕೊಡೋಕೆ ಆಗೋದಿಲ್ಲ." ನನಗೆ ಕುರ್ಚಿಯೂ ಮೈಕೂ ಕಣ್ಣೆದುರು ಬಂದವು. ಎರಡು ತಿಂಗಳಲ್ಲಿ ಎರಡೂವರೆ ವಾರ ಉಳಿದಿತ್ತು.

ಆ ಸಂಜೆ ಗಂಡನಿಗೂ ಎಲ್ಲ ಹೇಳಿದೆ. ಅವನು ಸೂಜಿಗೆ ದಾರ ಪೋಣಿಸುತ್ತಿದ್ದವನು ತಲೆ ಎತ್ತಿ, "ಹಂಗಾರೆ ನಾ ಎಂತ ಮಾಡ್ಲಿ?" ಎಂದ. ಇಪ್ಪತ್ತು ವರ್ಷದ ಸಂಸಾರದಲ್ಲಿ ಅವನು ಕೇಳಿದ ಅತಿ ಒಳ್ಳೆಯ ಪ್ರಶ್ನೆ ಅದು. ಮಾಡಬೇಕಾದದ್ದನ್ನು ಆ ಹುಡುಗಿಯೇ ಹೇಳಿಕೊಟ್ಟಳು. ಊತ ಇಳಿದ ಮೇಲೆ ಮಡಚಿದ ಕಂಬಳಿಯ ಮೇಲೆ ನಾನು ಬಲಗಾಲಲ್ಲಿ ನಿಲ್ಲಬೇಕು. ಅವನು ಹೇಳದೆ ಕೇಳದೆ ಹೆಗಲನ್ನು ಮೆಲ್ಲಗೆ ತಳ್ಳಬೇಕು. ಬೀಳದಂತೆ ಹಿಡಿಯಲು ಪಕ್ಕದಲ್ಲೇ ಇರಬೇಕು. ನನ್ನ ಗಂಡನೇ ಬಸ್ಸಾದ. "ಎಡಕ್ಕೆ ತಿರುವು" ಎಂದು ಬಲಕ್ಕೆ ತಳ್ಳುವನು. "ಬ್ರೇಕು" ಎಂದು ಸುಮ್ಮನೆ ನಿಲ್ಲುವನು, ನಾನು ಬ್ರೇಕಿಗೆ ತಯಾರಾಗಿ ನಾನೇ ಮುಗ್ಗರಿಸುವೆನು. ಒಂದು ದಿನ "ಕೋಣ ಅಡ್ಡ ಬಂತು" ಎಂದು ಹಿಂದಿನಿಂದ ತಳ್ಳಿದ. ಯಾವ ಕೋಣ ಎಂದು ನಾನು ಕೇಳಿದೆ. ಇಬ್ಬರೂ ನಗುತ್ತಾ ನೆಲದ ಮೇಲೆ ಕೂತುಬಿಟ್ಟೆವು. ಅವನು ಅಷ್ಟು ಮಾತಾಡಿದ್ದನ್ನು ನಾನು ಮದುವೆಯಾದಾಗಿನಿಂದ ಕಂಡಿರಲಿಲ್ಲ.

ರಜೆ ಮುಗಿಯುವ ಹಿಂದಿನ ದಿನ ಪರೀಕ್ಷೆ. ಕಣ್ಣು ಮುಚ್ಚಿ ಬಲಗಾಲಲ್ಲಿ ನಿಂತೆ. ಗಂಟು ನಡುಗಿತು, ಆದರೆ ತಾನೇ ಸಾವರಿಸಿಕೊಂಡಿತು. ಮೂವತ್ತು ಎಣಿಸುವ ತನಕ ನಿಂತೆ. ತುದಿಗಾಲಲ್ಲಿ ಎದ್ದೆ, ಕುಪ್ಪಳಿಸಿದೆ, ಸ್ಪಂಜಿನ ದಿಂಬಿನ ಮೇಲೆ ನಿಂತು ಅವಳು ಎಸೆದ ಚೆಂಡು ಹಿಡಿದೆ. ಅವಳು ಸಂಬಂಧಪಟ್ಟ ಕಾಗದದಲ್ಲಿ ಬರೆದಳು, ಡಾಕ್ಟರು ಸಹಿ ಹಾಕಿದರು. ಓಡುವ ಬಸ್ಸಿನಲ್ಲಿ ನಿಲ್ಲಬಹುದು. ಆರು ತಿಂಗಳು ಗಂಟಿಗೆ ಪಟ್ಟಿ ಧರಿಸಬೇಕು, ನಿಲ್ಲುವಾಗ ಕಂಬಿ ಹಿಡಿಯಬೇಕು, ವ್ಯಾಯಾಮ ಬಿಡಬಾರದು. ಕೊನೆಯ ಷರತ್ತು ಬಾಯಲ್ಲಿ ಹೇಳಿದಳು. ಯಾರನ್ನೂ ಒದೆಯಬಾರದು, ಯಾಕೆ ಎಂದು ಕೇಳಿದರೆ ನಿಜ ಹೇಳಬೇಕು.

ಮರುದಿನ ಬೆಳಿಗ್ಗೆ ದಾಸನಕೊಪ್ಪದ ಬಸ್ಸು. ಕಂಬಿ ಹಿಡಿದು ನಿಂತೆ. ಯಾರೂ ತಿರುಗಿ ನೋಡಲಿಲ್ಲ. ಇಷ್ಟು ವರ್ಷ ನಾನು ಕಂಬಿ ಹಿಡಿಯದೆ ನಿಂತದ್ದನ್ನೂ ಯಾರೂ ನೋಡಿರಲಿಲ್ಲ ಎಂದು ಆಗ ಗೊತ್ತಾಯಿತು. ಆದರೆ ನಿಲ್ದಾಣ ಹತ್ತಿರ ಬಂದಂತೆ ಹೇಳಬೇಕಾದ ಮಾತನ್ನು ಮನಸ್ಸಿನಲ್ಲೇ ಎರಡು ಸಲ ಹೇಳಿಕೊಂಡೆ. ಬಾಗಿಲು ತೆಗೆದರೆ ಆ ಮುದುಕಿ, ಬೆನ್ನು ತಿರುಗಿಸಿಕೊಂಡು ಸಿದ್ಧವಾಗಿ ನಿಂತಿದ್ದಳು.

"ಬಂದೆಲ್ಲವ್ವಾ! ಎರಡ ತಿಂಗಳಾತ ನೋಡು. ಒಂದ್ ಒದಿ ಕೊಡು."

ತುಂಬಿದ ಬಸ್ಸು ನೋಡುತ್ತಿತ್ತು. ಆದರೂ ಗಟ್ಟಿಯಾಗಿಯೇ ಹೇಳಿದೆ. "ಒದಿಯೂದಿಲ್ರೀ ಯಜಮಾನ್ತಿ. ನನ್ನ ಕಾಲ ಭಾಳ ವರ್ಷದಿಂದ ಕೆಟ್ಟೈತಿ. ಮುಚ್ಚಿಟ್ಟಿದ್ದೆ. ಈಗ ದವಾಖಾನಿಯಾಗ ರಿಪೇರಿ ನಡದೈತಿ."

ಮುದುಕಿ ಮೆಲ್ಲಗೆ ಈ ಕಡೆ ತಿರುಗಿದಳು. ಕೋಲೂರಿ ಬಸ್ಸು ಹತ್ತಿ, ನನ್ನ ಪಕ್ಕದ ಸೀಟಿನಲ್ಲಿ ಕೂತಳು. ಡ್ರೈವರ್ ಬಸ್ಸು ಬಿಟ್ಟ. ಆಮೇಲೆ ನನ್ನ ಕೈ ಎಳೆದು, ನನಗೊಬ್ಬಳಿಗೇ ಕೇಳುವಂತೆ ಹೇಳಿದಳು.

"ನನಗ ಗೊತ್ತಿತ್ತವ್ವಾ. ನೀ ಕಾಲ ತಾಗಿಸಿದಾಗ ಅದು ಗಡಗಡ ನಡಗತಿತ್ತು. ನನ್ನ ಬೆನ್ನಿಗೆ ತಿಳೀತಿತ್ತು."

"ಮತ್ತ ಯಾಕ ಬರ್ತಿದ್ರಿ?"

"ನಾ ಬರಾದು ಬಿಟ್ರ ನಿನ್ನ ಕಾಲಿಗೆ ಏನೋ ಆಗೈತಿ ಅಂತ ಮಂದಿ ಮಾತಾಡ್ಕೊಂತಾರ. ನೀ ನೊಂದ್ಕೊಂತಿ. ನನ್ನ ಸೊಂಟಕ್ಕ ಹೋದದ್ದೇನು, ಅದು ಹೆಂಗೂ ನೋಯೂದ ನೋಯೂದು."

ಎಲ್ಲರಿಂದ ಮುಚ್ಚಿಟ್ಟೆ ಎಂದುಕೊಂಡಿದ್ದ ನೋವನ್ನು ಈ ಮುದುಕಿ ವರ್ಷಗಟ್ಟಲೆ ಬೆನ್ನ ಮೇಲೆ ಹೊತ್ತುಕೊಂಡು ಮನೆಗೆ ಹೋಗಿದ್ದಳು, ಯಾರಿಗೂ ತೋರಿಸದೆ. ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಅವಳ ಮೇಲೆ ಪ್ರೀತಿ ಬಂತು. ಬರುವ ನನ್ನ ವಾರದ ರಜೆಗೆ ಅವಳನ್ನು ಆ ಹುಡುಗಿಯ ಹತ್ತಿರ ಕರೆದುಕೊಂಡು ಹೋಗುತ್ತೇನೆ ಎಂದೆ.

"ಆಕೀನೂ ಒದೀತಾಳೇನು?" ಎಂದು ಕೇಳಿದಳು.

"ಇಲ್ರೀ, ನಿಮ್ಮ ಕಡಿಂದ ಒದಸ್ತಾಳ" ಎಂದೆ. ಮುದುಕಿ ಬೊಚ್ಚು ಬಾಯಿ ತೆರೆದು ನಕ್ಕಳು. ನಾನೂ ನಕ್ಕೆ, ನಗುತ್ತಲೇ ಕಣ್ಣಲ್ಲಿ ನೀರು ಬಂತು. ಅಷ್ಟರಲ್ಲಿ ಮುಂದಿನ ಕ್ರಾಸು ಬಂತು. ಕೂಗಬೇಕಾದ ನಾನು ಕಣ್ಣು ಒರೆಸಿಕೊಳ್ಳುತ್ತಾ ನಿಂತಿದ್ದೆ. ಮುದುಕಿ ನನ್ನ ಮುಖ ನೋಡಿದಳು, ಕೋಲಿನಿಂದ ಸೀಟಿನ ಕಬ್ಬಿಣಕ್ಕೆ ಎರಡು ಸಲ ಬಡಿದಳು, ಇಡೀ ಬಸ್ಸಿಗೆ ಕೇಳುವಂತೆ ತಾನೇ ಕೂಗಿದಳು: "ಕ್ರಾಸ್ ಇಳಿಯೋರು ಮುಂದ ಬರ್ರಿ!"